ಒಂದಡಿಯ ಅರ್ಥಶಾಸ್ತ್ರ

ಕೋಲಿಯಸ್ ಬೆಳೀರಿ ಅಂದರು. ನಮ್ಮ ಕಡೆ ಉಪ್ಪಿನಕಾಯಿ ಹಾಕುವ ಮಾಕಂದಿ ಬೇರೇ ಅದು. ಅದರೊಳಗೆ ಫೋರ್ಸ್‌ಕೋಲಿನ್ ಎಂಬ ಔಷಧಿ ಅಂಶ ಇದೆ ಅಂತ ಗೊತ್ತಾದ ಮೇಲೆ ಭರಣಿಯಿಂದೆದ್ದು ಕ್ಯಾಪ್ಸೂಲಿನಲ್ಲಿ ಕೂತಿದೆ. ಎಷ್ಟು ಅಂತರ ಬಿಡಲಿ ಎಂದು ನೆಡುವ ಕಡ್ಡಿ ಮಾರುವವರನ್ನೇ ಕೇಳಿದೆ, ಹಾಲಿನ ಪಾತ್ರೆಗೆ ಮುಚ್ಚಳ ಬೇಕೋ ಬೇಡವೋ ಅಂತ ಬೆಕ್ಕನ್ನು ಕೇಳಿದ ಹಾಗೆ.

‘60ಕ್ಕೆ 30 ಸೆಂಟಿಮೀಟರ್ ಸಾರ್. ಸೈಂಟಿಫಿಕ್ಕು.’

60×60 ಆದರೆ ಎಕರೆಗೆ 11 ಸಾವಿರ ಚಿಲ್ಲರೆ ಕಡ್ಡಿ. 60×45 ಆದರೆ 15 ಸಾವಿರದ ಹತ್ತಿರ. 60×30 ಆದರೆ 22 ಸಾವಿರ ದಾಟುತ್ತದೆ. ಕಡ್ಡಿಗಿಷ್ಟು ಅಂತ ದುಡ್ಡೆಣಿಸುವವರಿಗೆ ಯಾವುದು ಸೈಂಟಿಫಿಕ್ಕು ಅಂತ ಬಿಡಿಸಿ ಹೇಳಬೇಕೆ?

ಎರಡು ತಿಂಗಳಿಗೆ ನೆಲವೇ ಕಾಣದಷ್ಟು ಹಸಿರು. ಕಳೆಯೂ ಕಮ್ಮಿ, ಆ ಪುಣ್ಯವನ್ನು ಇಲ್ಲ ಅನ್ನಲಾರೆ. ಆಮೇಲೆ ಹಿಟ್ಟು ತಿಗಣೆ ಬಂತು. ಅದರ ಮರಿಗೆ ರೆಕ್ಕೆಯಿಲ್ಲ, ತೆವಳಿಕೊಂಡು ಊರು ಸುತ್ತುತ್ತದೆ. ಎಲೆಗೆ ಎಲೆ ತಾಗಿದರೆ ಅದೇ ಸೇತುವೆ. ನಮ್ಮೂರ ಹಳ್ಳಕ್ಕೆ ಇಪ್ಪತ್ತು ವರ್ಷದಿಂದ ಆಗದ ಸೇತುವೆ ತಿಗಣೆಗೆ ಒಂದೇ ಹಂಗಾಮಿನಲ್ಲಿ ಮಂಜೂರಾಯಿತು. ಹಿಂದೆಯೇ ಎಲೆ ಸುತ್ತುವ ಹುಳು. ಸುರುಳಿಯೊಳಗೆ ಚಾಪೆ ಹೊದ್ದು ಮಲಗಿದ ಅದಕ್ಕೆ ನನ್ನ ಬೇವಿನೆಣ್ಣೆ ಮೇಲಿಂದ ಸುರಿದ ತುಂತುರು ಮಳೆ, ಅಷ್ಟೆ. ಜೋರು ವಿಷ ಹೊಡೆಯೋಣವೆಂದರೆ ಬೇರು ಕೊಳ್ಳುವವರಿಗೆ ಅದರ ಶೇಷ ಇರಬಾರದು. ಔಷಧಿ ಗಿಡಕ್ಕೆ ಔಷಧಿ ಹೊಡೆಯುವಂತಿಲ್ಲ!

ಹಾಗಂತ ಮಾರು ದೂರ ನೆಟ್ಟರೆ ಪಾರು ಅನ್ನುವಂತಿಲ್ಲ. ಕೆಲವು ಸಸ್ಯಹೇನುಗಳಿಗೆ ಬೋಳು ನೆಲದ ಮೇಲಿನ ಒಂಟಿ ಗಿಡವೇ ಎದ್ದು ಕಾಣುತ್ತದೆ. ಆಫ್ರಿಕಾದಲ್ಲಿ ಶೇಂಗಾವನ್ನು ಒತ್ತಾಗಿ ಬಿತ್ತಿದಾಗಲೇ ಹೇನು ಹರಡುವ ರೋಸೆಟ್ ರೋಗ ಇಳಿದದ್ದು. ಅಂದರೆ ಎಷ್ಟು ಅಂತರ ಎಂಬುದಕ್ಕೆ ಮೊದಲು ಯಾವ ಹುಳು ಎಂದು ಕೇಳಬೇಕು. ನಾನು ಕೇಳಿದ್ದು ಕಡ್ಡಿಗೆಷ್ಟು ಅಂತ.

ಕಿತ್ತಾಗ ಬೇರು ಇಲಿ ಬಾಲದಷ್ಟು. ಬಾಲದ ತುಂಬ ಗಂಟು. ಅದು ಜಂತುಹುಳುವಿನದು, ಬೇರು ಬರಿಸಿಕೊಟ್ಟ ಕಡ್ಡಿಯ ಜೊತೆಗೇ ಪುಕ್ಕಟೆ ಬಂದಿರಲೂಬಹುದು. ಕಡ್ಡಿ ಮಾರಿದವರಿಗೆ ಫೋನು ಮಾಡಿದೆ.

‘ಹೌದಾ ಸಾರ್? ಮುಂದಿನ ಸಲ 45ಕ್ಕೆ 30 ಹಾಕಿ. ಎಕರೆಗೆ 30 ಸಾವಿರ ಕೂರುತ್ತೆ. ಹುಳ ತಿಂದ್ರೂ ನಿಮಗಿಷ್ಟು ಮಿಗಬೇಕಲ್ಲ!’