ಅತಿಸೌತ್ಯ ವಿನಿಯೋಗ ಮೀಮಾಂಸೆ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯವಿಲ್ಲದೆ ಲೇಖನಿಯನ್ನೆತ್ತಲಾಗದೆಂಬುದು ಹಿರಿಯರ ನಿಯಮವಾದುದರಿಂದ, ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನಗಳೆಂಬ ನಾಲ್ಕನ್ನೂ ಆದಿಯಲ್ಲಿಯೇ ನಿರೂಪಿಸತಕ್ಕುದು. ಕರಾವಳಿಯ ಗದ್ದೆಗಳಲ್ಲಿ ಭತ್ತದ ಕೊಯ್ಲಾದ ಬಳಿಕ ಬಿತ್ತಲ್ಪಟ್ಟು, ಬೇಸಗೆಯಲ್ಲಿ ಊರಿಗೆ ಊರೇ ಏಕಕಾಲಕ್ಕೆ ಫಲಿಸಿ, ಬಾಳೆನಾರಿನ ಕುಣಿಕೆಯಲ್ಲಿ ಮಾಡಿನ ಪಕ್ಕಾಸುಗಳಿಂದ ಇಳಿಬಿದ್ದು, ಕೆಳಗೆ ಮಲಗಿದವರ ಶಿರಸ್ಸಿಗೆ ಸದಾ ಗುರಿಯಿಟ್ಟಿರುವ ಮಂಗಳೂರು ಸೌತೆಕಾಯಿಯ ಆಧಿಕ್ಯವೇ ಇಲ್ಲಿಯ ವಿಷಯ. ಈ ಅವಸ್ಥೆಗೆ ಶಾಸ್ತ್ರಕಾರನು ‘ಅತಿಸೌತ್ಯ’ವೆಂಬ ಪಾರಿಭಾಷಿಕ ಸಂಜ್ಞೆಯನ್ನು ಕಲ್ಪಿಸಿದ್ದಾನೆ, ಹೆಸರಿಲ್ಲದ ಕಷ್ಟಕ್ಕೆ ವಿದ್ವತ್ಸಭೆಯಲ್ಲಿ ಆಸನವಿಲ್ಲ. ಅಧಿಕಾರಿಯಾರೆಂದರೆ, ನಡುರಾತ್ರಿ ಅಟ್ಟದಲ್ಲಿ ಧೊಪ್ಪೆಂದ ಸದ್ದಿಗೆ ಎಚ್ಚತ್ತು, ಕಳ್ಳನು ಬಂದಿರಬಹುದೆಂದು ಆಶಿಸಿ, ಬಿದ್ದದ್ದು ಸೌತೆಯೇ ಎಂದರಿತು ನಿರಾಶನಾಗಿ ಮತ್ತೆ ಮಲಗಿದವನು. ಸಂಬಂಧವು ಬಾಧ್ಯಬಾಧಕ ಸಂಬಂಧ. ಪ್ರಯೋಜನವು ಅಟ್ಟದಲ್ಲಿ ಸೌತೆಯ ಆತ್ಯಂತಿಕ ಅಭಾವ. ಅದು ಮೋಕ್ಷದಂತೆ ಶ್ರವಣಮಾತ್ರಕ್ಕೆ ಲಭ್ಯ, ಅನುಭವಕ್ಕೆ ದುರ್ಲಭ.

ಗ್ರಂಥರಚನೆಗೆ ನಿಮಿತ್ತವಾದುದು ಒಂದು ಕಾರ್ಯಾಗಾರ. ಅದರ ಹೆಸರು ‘ತರಕಾರಿ ಅಧಿಕೋತ್ಪಾದನಾ ಸಂದರ್ಭದಲ್ಲಿ ಸಮಗ್ರ ಬಹುಆಯಾಮೀ ಸುಸ್ಥಿರ ಮೌಲ್ಯವರ್ಧನಾ ಕಾರ್ಯತಂತ್ರ’ ಎಂದಿದ್ದಿತು. ಬ್ಯಾನರಿನ ಬಟ್ಟೆಯಲ್ಲಿ ಇಷ್ಟು ಹಿಡಿಯದೆ ‘ತಂತ್ರ’ವು ಎರಡನೆಯ ಪಂಕ್ತಿಗೆ ಇಳಿದಿದ್ದಿತು. ವೇದಿಕೆಯ ಮಹನೀಯರೊಬ್ಬರು ಮಧ್ಯಾಹ್ನದವರೆಗೆ ಮೌಲ್ಯ, ಮೌಲ್ಯಸರಪಳಿ, ಮೌಲ್ಯಸಂವರ್ಧನೆ ಎಂಬ ಪದಗಳನ್ನು ಜಪಿಸಿ, ಕೊನೆಗೆ ಸೌತೆಕಾಯಿಯಿಂದ ಹಲ್ವ ಮಾಡಬಹುದೆಂಬ ರಹಸ್ಯವನ್ನು ಪ್ರಕಟಿಸಿದರು. ಸಭೆಯ ಹಿಂದಿನ ಸಾಲಿನಿಂದ ವೃದ್ಧೆಯೊಬ್ಬರು ಎದ್ದು, “ಅದೆಲ್ಲ ಸರಿ ಸಾರ್, ಸಕ್ಕರೆಗೆ ದುಡ್ಡು ಯಾರು ಕೊಡ್ತಾರೆ? ತುಪ್ಪಕ್ಕೆ?” ಎಂದು ಕೇಳಿದರು. ಆ ಪ್ರಶ್ನೆಯು ಆ ಗೋಷ್ಠಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು.

ಪೂರ್ವಾಚಾರ್ಯರನ್ನು ಸ್ಮರಿಸದಿದ್ದರೆ ಪ್ರಬಂಧಕ್ಕೆ ತೂಕವಿಲ್ಲವಷ್ಟೆ. ಇಮ್ಮಡಿ ಚಾವುಂಡರಾಯನು 11ನೆಯ ಶತಮಾನದಲ್ಲಿ ರಚಿಸಿದ ಲೋಕೋಪಕಾರದಲ್ಲಿ ಪಾಕವಿಚಾರವುಂಟು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಪ್ರಕರಣವೇ ಉಂಟು. ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿಯೇ ಹೇಳಿದನು. ಈ ಮಹಾತ್ಮರಿಗೆ ನಮಸ್ಕರಿಸಿಯೂ ಹೇಳಬೇಕಾದುದಿಷ್ಟೆ: ಅರಸನ ಪಾಕಶಾಲೆಯಲ್ಲಿ ಏನು ಮಾಡಿದರೆ ರುಚಿಯೆಂಬ ಪ್ರಶ್ನೆ ಹುಟ್ಟುವುದೇ ಹೊರತು, ಇಷ್ಟನ್ನೆಲ್ಲ ಏನು ಮಾಡೋಣವೆಂಬ ಪ್ರಶ್ನೆ ಹುಟ್ಟುವುದಿಲ್ಲ. ಎರಡನೆಯದು ಅಟ್ಟದ ಕೆಳಗೆ ನಿಂತು ಮೇಲೆ ನೋಡುವವರ ಪ್ರಶ್ನೆ.

ಇನ್ನು ಲಕ್ಷಣವಿಚಾರ. ಸಸ್ಯಶಾಸ್ತ್ರಜ್ಞರು ಈ ಕಾಯಿಯನ್ನು ನಾವು ಉಪ್ಪು ಹಚ್ಚಿ ತಿನ್ನುವ ಎಳೆಸೌತೆಯಿಂದ ಬೇರ್ಪಡಿಸಿ, ಕುಕುಮಿಸ್ ಮೆಲೊ ಎಂದು ಕರೆದು, ಕರ್ಬೂಜದ ಪಂಕ್ತಿಯಲ್ಲಿ ಕುಳ್ಳಿರಿಸಿದ್ದಾರೆ. ಅಡಿಗೆಮನೆಗೆ ಇದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಲಾಭವುಳ್ಳ ಒಂದೇ ಜ್ಞಾನವೆಂದರೆ, ಹೆಚ್ಚುವ ಮೊದಲು ತುದಿಯ ಚೂರನ್ನು ನಾಲಗೆಗೆ ತಾಗಿಸಿ ನೋಡತಕ್ಕುದು. ಕುಕರ್ಬಿಟಾಸಿನ್ ಎಂಬ ಕಹಿಯು ಎಷ್ಟು ಬೇಯಿಸಿದರೂ ಹೋಗತಕ್ಕುದಲ್ಲ, ಒಂದು ಕಹಿಕಾಯಿಯು ಒಂದು ಕೊಪ್ಪರಿಗೆ ಹುಳಿಯನ್ನೂ ಹತ್ತು ಮಂದಿ ನೆಂಟರನ್ನೂ ಒಟ್ಟಿಗೆ ಕೆಡಿಸಬಲ್ಲುದು.

ಅತಿಸೌತ್ಯದ ವಿನಿಯೋಗವು ಸಪ್ತವಿಧವಾದುದು: ದ್ರವಪ್ರಧಾನ, ಪಿಷ್ಟಪ್ರಧಾನ, ತ್ವಗ್ಬೀಜಪ್ರಧಾನ, ಲವಣಪ್ರಧಾನ, ದಾನಪ್ರಧಾನ, ಗೋಪ್ರಧಾನ ಮತ್ತು ಏಳನೆಯದು.

ಇವುಗಳಲ್ಲಿ ದ್ರವಪ್ರಧಾನವೇ ಜ್ಯೇಷ್ಠವು. ಅದು ಪುನಃ ಸನಾರಿಕೇಲ, ನಿರ್ನಾರಿಕೇಲ, ತಕ್ರಮಿಶ್ರವೆಂದು ತ್ರಿವಿಧ. ಸನಾರಿಕೇಲವೆಂದರೆ ಲೋಕದವರು ಕೊದ್ದೆಲೆಂದೂ ಹುಳಿಯೆಂದೂ ಕರೆಯುವುದು: ಸಿಪ್ಪೆಯನ್ನು ಕಳೆಯದೆ ದೊಡ್ಡ ಹೋಳುಗಳಾಗಿ ಹೆಚ್ಚಿ, ತೊಗರಿಬೇಳೆಯೊಡನೆ ಬೇಯಿಸಿ, ಹುರಿದ ಕೊತ್ತಂಬರಿ, ಮೆಂತ್ಯ, ಒಣಮೆಣಸುಗಳನ್ನು ತೆಂಗಿನತುರಿಯೊಡನೆ ನುಣ್ಣಗೆ ಅರೆದು ಕೂಡಿಸಿ ಕುದಿಸಿದರೆ, ಮರುದಿನ ಬೆಳಗ್ಗೆ ದೋಸೆಯೊಡನೆ ಇನ್ನೂ ರುಚಿ. ನಿರ್ನಾರಿಕೇಲವೆಂದರೆ ಬೋಳುಹುಳಿ, ಮಳೆಗಾಲದಲ್ಲಿ ತೆಂಗಿನಕಾಯಿಯನ್ನು ಎಣಿಸಿ ಒಡೆಯುವ ಮನೆಗಳಲ್ಲಿ ಹುಣಸೆ, ಬೆಲ್ಲ, ಹಸಿಮೆಣಸು, ಬೆಳ್ಳುಳ್ಳಿಯ ಒಗ್ಗರಣೆ ಇಷ್ಟರಿಂದಲೇ ಒಂದು ಕುಟುಂಬದ ಊಟವನ್ನು ದಡ ಸೇರಿಸಿದ ಈ ಪದಾರ್ಥಕ್ಕೆ ಯಾವ ವಿಚಾರಸಂಕಿರಣವೂ ಇದುವರೆಗೆ ಹಾರ ಹಾಕಿದ್ದನ್ನು ನಾನು ಕಾಣೆ. ತಕ್ರಮಿಶ್ರವು ಮಜ್ಜಿಗೆಹುಳಿ. ಮಾಧ್ವರ ಮನೆಗಳಲ್ಲಿ ಒಂದು ವಿಶೇಷ ಸಂಕಟವುಂಟು: ಆಷಾಢ ಶುದ್ಧ ಏಕಾದಶಿಯಿಂದ ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತವಾದುದರಿಂದ ತರಕಾರಿ ನಿಷಿದ್ಧ, ಹೊರಗೆ ಜಡಿಮಳೆ, ಅಟ್ಟದಲ್ಲಿ ಸೌತೆಯ ತೋರಣ, ಎಲೆಯಲ್ಲಿ ಮಾತ್ರ ಸೌತೆಯಿಲ್ಲ. ಆ ತಿಂಗಳು ಕೊಳೆತವುಗಳ ಲೆಕ್ಕವನ್ನು ಚಿತ್ರಗುಪ್ತನು ಯಾರ ಖಾತೆಗೆ ಬರೆಯುವನೆಂಬುದು ನಿಬಂಧಕಾರರು ನಿರ್ಣಯಿಸತಕ್ಕ ಅಂಶ.

ಪಿಷ್ಟಪ್ರಧಾನದಲ್ಲಿ, ನೆನೆದ ಅಕ್ಕಿಯನ್ನು ಸೌತೆಯ ತುರಿಯೊಡನೆ ಅರೆದು ಹುಳಿಬರಿಸದೆ ಹೊಯ್ಯುವ ದೋಸೆಯೂ, ಅಕ್ಕಿತರಿ, ಬೆಲ್ಲ, ಸೌತೆತುರಿಗಳನ್ನು ಬಾಳೆಯೆಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವ ಕಡುಬೂ ಸೇರುತ್ತವೆ. ಉತ್ತರ ಕನ್ನಡದವರು ಮೊಗೆಕಾಯಿಯೆಂದು ಕರೆದು ಮಾಡುವ ದೋಸೆಗೂ ಇದಕ್ಕೂ ಭೇದವುಂಟೋ ಇಲ್ಲವೋ ಎಂಬ ವಾದಕ್ಕೆ ಇಳಿದರೆ ದೋಸೆ ಆರುತ್ತದೆ.

ತ್ವಗ್ಬೀಜಪ್ರಧಾನಕ್ಕೆ ಬಂದಾಗ ಶಾಸ್ತ್ರಕಾರನ ಗಾಂಭೀರ್ಯವು ಅಲುಗುವುದು. ದೋಸೆಗೆಂದು ಹೆರೆದ ಸಿಪ್ಪೆಯನ್ನು ಹುರಿದು ಚಟ್ನಿ ಮಾಡಿದರು. ಬೀಜದೊಡನೆ ಲೋಳೆಯಾದ ತಿರುಳನ್ನು ಜೀರಿಗೆಯೊಡನೆ ಅರೆದು, ಸೋಸಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದರು. ಸೋಸಿದ ಮೇಲೆ ಉಳಿದ ಚರಟವನ್ನು ಹಟ್ಟಿಯ ಹಸುವಿಗೆ ಹಾಕಿದರು. ಒಂದು ಕಾಯಿಯಲ್ಲಿ ಎಸೆಯತಕ್ಕುದೆಂಬುದು ಏನೂ ಉಳಿಯಲಿಲ್ಲ. ಇದನ್ನು ಮಾಡಿದವರಿಗೆ ‘ಶೂನ್ಯತ್ಯಾಜ್ಯ’ವೆಂಬ ಶಬ್ದವನ್ನು ಯಾರೂ ಕಲಿಸಿರಲಿಲ್ಲ, ಪ್ರಮಾಣಪತ್ರವನ್ನೂ ಕೊಟ್ಟಿರಲಿಲ್ಲ, ಹೊಗೆಯ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತ, ಎಲ್ಲರದೂ ಆದ ಮೇಲೆ ತಾವು ಉಣ್ಣುತ್ತ, ಅದೇ ಸೌತೆಯನ್ನು ಮನೆಯವರಿಗೆ ಬೇಸರವಾಗದಂತೆ ದಿನಕ್ಕೊಂದು ರೂಪದಲ್ಲಿ ಬಡಿಸಿದ ಆ ಹೆಂಗಸರನ್ನು ಎದುರಿಗೆ ಕುಳ್ಳಿರಿಸಿಕೊಂಡು, ತರಕಾರಿಯನ್ನು ವ್ಯರ್ಥಮಾಡದಿರುವುದು ಹೇಗೆಂದು ಧ್ವನಿವರ್ಧಕದಲ್ಲಿ ಬೋಧಿಸುವ ಧೈರ್ಯವು ಎಲ್ಲಿಂದ ಬರುತ್ತದೆಯೆಂಬುದು ನನಗೆ ತಿಳಿಯದು.

ಲವಣಪ್ರಧಾನವೆಂದರೆ ಉಪ್ಪಿನಕಾಯಿ. ಗೋಪ್ರಧಾನವನ್ನು ಮೇಲೆ ಹೇಳಿಯಾಯಿತು.

ದಾನಪ್ರಧಾನವು ಶಾಸ್ತ್ರತಃ ಸುಲಭ, ಲೋಕತಃ ಕಷ್ಟ, ಏಕೆಂದರೆ ನಾವು ಕೊಡಲು ಹೊರಟ ಕಾಲದಲ್ಲಿಯೇ ನೆರೆಮನೆಯವರೂ ಚೀಲ ಹಿಡಿದು ಅಂಗಳಕ್ಕಿಳಿದಿರುತ್ತಾರೆ. ಇದಕ್ಕೆ ಪರಂಪರೆಯು ಕಂಡುಕೊಂಡ ಪರಿಹಾರವು ಹೊರೆಕಾಣಿಕೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಉಡುಪಿಯ ಪರ್ಯಾಯಕ್ಕೂ, ಊರೂರ ಬ್ರಹ್ಮಕಲಶಗಳಿಗೂ ಅಕ್ಕಿ, ಬೆಲ್ಲ, ತೆಂಗಿನಕಾಯಿ, ತರಕಾರಿಗಳು ವಾದ್ಯಸಮೇತವಾಗಿ ಮೆರವಣಿಗೆಯಲ್ಲಿ ಹೋಗಿ, ಸಾವಿರಾರು ಮಂದಿಯ ಎಲೆಗೆ ಹುಳಿಯಾಗಿ ಇಳಿಯುತ್ತವೆ. ಕೊಟ್ಟವನಿಗೆ ಪುಣ್ಯ, ಉಂಡವನಿಗೆ ತೃಪ್ತಿ, ಅಟ್ಟಕ್ಕೆ ಹಗುರ: ಮೂವರಿಗೂ ಲಾಭವಾಗುವ ಇಂತಹ ವ್ಯವಸ್ಥೆಯನ್ನು ಯಾವ ಕಾರ್ಯತಂತ್ರವೂ ಕಲ್ಪಿಸಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಂಗತಿಯನ್ನು ಅಣಕವಿಲ್ಲದೆ ಹೇಳಬೇಕಾಗಿದೆ. ಮನೆಯ ಅಟ್ಟದ ಅತಿಸೌತ್ಯಕ್ಕೆ ಅಡಿಗೆಯಿಂದ ಪರಿಹಾರವುಂಟು. ಮಾರುವುದಕ್ಕೆಂದೇ ಬೆಳೆದವನ ಗದ್ದೆಯ ಅತಿಸೌತ್ಯಕ್ಕೆ ಇಲ್ಲ. ಎಲ್ಲರದೂ ಒಂದೇ ತಿಂಗಳಲ್ಲಿ ಕೊಯ್ಲಿಗೆ ಬಂದಾಗ ಬೆಲೆ ನೆಲಕ್ಕೆ ಬೀಳುತ್ತದೆ. ಕಟ್ಟಿ ತೂಗಿಸಿದರೆ ತಿಂಗಳುಗಟ್ಟಲೆ ಕೆಡದ ಕಾಯಿಯಾದರೂ, ಗೊಬ್ಬರದ ಸಾಲವನ್ನು ಬೇಸಗೆಯಲ್ಲಿಯೇ ತೀರಿಸಬೇಕಾದವನು ಮಳೆಗಾಲದ ಬೆಲೆಗೆ ಕಾಯಲಾರ, ಕಾಯಬಲ್ಲವನು ವ್ಯಾಪಾರಿ. 2020ರ ಮಾರ್ಚ್ 25ರಂದು ದೇಶವೇ ಬಾಗಿಲು ಮುಚ್ಚಿದ್ದು ಸರಿಯಾಗಿ ಈ ಫಸಲಿನ ಕಾಲದಲ್ಲಿ; ಸಂತೆಯಿಲ್ಲ, ಹೋಟೆಲಿಲ್ಲ, ಮದುವೆಯೂಟವಿಲ್ಲ, ಕೊಯ್ದು ಬದುವಿನಲ್ಲಿ ರಾಶಿ ಹಾಕಿದವನಿಗೆ ಆ ರಾಶಿಯನ್ನು ನೋಡುತ್ತ ಕೂರುವುದೊಂದೇ ಉಳಿದ ಕೆಲಸ. ಅವನಿಗೆ ಹಲ್ವದ ಪಾಕವಿಧಾನವನ್ನು ಹೇಳುವುದು ಅವಮಾನ. ಅವನಲ್ಲಿದ್ದುದಕ್ಕೆ ಮೌಲ್ಯವು ಆಗಲೇ ಇದ್ದಿತು. ಬೆಳೆದ ದಿನದ ಮೌಲ್ಯವನ್ನು ಕೊಡಲೊಲ್ಲದವರು ಅದನ್ನು ವರ್ಧಿಸುವ ಮಾತನ್ನಾಡುತ್ತಾರೆ.

ಏಳನೆಯ ವಿಧವೊಂದು ಉಳಿದಿದೆ. ಇದು ಶಾಸ್ತ್ರದ ಪ್ರಯೋಜನಕ್ಕೆ ನೇರ ವಿರುದ್ಧವಾದುದರಿಂದ ಆರಂಭದಲ್ಲಿ ಹೆಸರಿಸಲಿಲ್ಲ. ಬಳ್ಳಿಯಲ್ಲಿ ಚೆನ್ನಾಗಿ ಬಲಿತ, ತೂಕವುಳ್ಳ, ಮೈತುಂಬಿದ ಕಾಯಿಯೊಂದನ್ನು ಪ್ರತ್ಯೇಕವಾಗಿ ತೂಗಿಸಿ, ಪೂರ್ತಿ ಹಣ್ಣಾದ ಮೇಲೆ ಬೀಜ ತೆಗೆದು ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಿನಲ್ಲಿ ಒಣಗಿಸಿ ಕಟ್ಟಿಡತಕ್ಕುದು. ಅತಿಸೌತ್ಯಪೀಡಿತನು ಮುಂದಿನ ವರ್ಷದ ಅತಿಸೌತ್ಯವನ್ನು ಸ್ವಹಸ್ತದಿಂದ ಸಿದ್ಧಪಡಿಸುವುದೇತಕ್ಕೆಂದು ಪೂರ್ವಪಕ್ಷ. ಈ ಆಕ್ಷೇಪವನ್ನು ನಮ್ಮ ಮನೆಯ ಹಿರಿಯರ ಮುಂದಿಟ್ಟಾಗ ದೊರೆತ ಸಿದ್ಧಾಂತವು, “ಬೀಜಕ್ಕಿಟ್ಟದ್ದಕ್ಕೆ ಕೈ ಹಾಕ್ಬೇಡ” ಎಂಬುದು.