ಶಾನುಭೋಗ ಬಿಂದು: ವ್ಯೋಮ ಸಾಮ್ರಾಜ್ಯದ ಆಟಗಳಲ್ಲಿ ಆಕಳಿಕೆಯ ಉಗಮ ಮತ್ತು ವಿಕಾಸ

ಮಹಾಕಾವ್ಯದ ಹದಿನೆಂಟು ವರ್ಣನೆಗಳ ಬಗ್ಗೆ ನಮ್ಮಲ್ಲಿ ಪುಟಗಟ್ಟಲೆ ಬರೆದವರಿದ್ದಾರೆ. ಆದರೆ ಆಕಾಶಗಂಗೆಯನ್ನೇ ಗೆಲ್ಲಲು ಹೊರಟವನಿಗೆ ಯಾವ ಘಟ್ಟದಲ್ಲಿ ನಿದ್ದೆ ಬರುತ್ತದೆ ಎಂಬ ಬಗ್ಗೆ ಒಂದು ಅಭಿನಂದನ ಗ್ರಂಥದಲ್ಲೂ ಲೇಖನವಿಲ್ಲ. ಆ ಕೊರತೆಯನ್ನು ನೀಗಿಸುವುದು ಈ ಪ್ರಬಂಧದ ಉದ್ದೇಶ. ವ್ಯಾಪ್ತಿ: ಕಂಪ್ಯೂಟರಿನಲ್ಲಿ ಆಡುವ ವ್ಯೋಮ ಸಾಮ್ರಾಜ್ಯದ ಆಟಗಳು. ಮಿತಿ: ಲೇಖಕನ ಲ್ಯಾಪ್‌ಟಾಪು.

ಅಧ್ಯಯನಕ್ಕೆ ಒಬ್ಬನೇ ಆಟಗಾರನನ್ನು ಆಯ್ದುಕೊಳ್ಳಲಾಗಿದೆ. ಅವನು ಸ್ವತಃ ಲೇಖಕನೇ ಆದ್ದರಿಂದ ಮಾಹಿತಿದಾರನ ಸಹಕಾರಕ್ಕೆ ಕೊರತೆಯಾಗಲಿಲ್ಲ. ಆಸಕ್ತಿಯನ್ನು ಅಳೆಯುವ ಮಾನ ಆಕಳಿಕೆ. ಅದು ಅಂಟುಜಾಡ್ಯವಾದ್ದರಿಂದ ಪಕ್ಕದಲ್ಲಿ ಕೂತ ಮನೆಯವರ ಆಕಳಿಕೆಯನ್ನು ಲೆಕ್ಕದಿಂದ ಕಳೆದಿದ್ದೇವೆ.

ಮೊದಲಿಗೆ ಪರಿಭಾಷೆ. 1993ರಲ್ಲಿ ಅಮೆರಿಕದಲ್ಲಿ ಸಿಮ್‌ಟೆಕ್ಸ್ ತಂಡ 'ಮಾಸ್ಟರ್ ಆಫ್ ಓರಿಯನ್' ಎಂಬ ಆಟವನ್ನು ರಚಿಸಿತು; ಅದರ ಮುಖ್ಯ ವಿನ್ಯಾಸಕ ಸ್ಟೀವ್ ಬಾರ್ಸಿಯಾ. ಅದರ ಬಗ್ಗೆ 'ಕಂಪ್ಯೂಟರ್ ಗೇಮಿಂಗ್ ವರ್ಲ್ಡ್' ಪತ್ರಿಕೆಗೆ ಬರೆಯುತ್ತ ಅಲನ್ ಎಮ್ರಿಕ್ ಈ ಬಗೆಯ ಆಟಕ್ಕೆ ನಾಲ್ಕು ಎಕ್ಸ್‌ಗಳ ಹೆಸರಿಟ್ಟರು: ಎಕ್ಸ್‌ಪ್ಲೋರ್, ಎಕ್ಸ್‌ಪ್ಯಾಂಡ್, ಎಕ್ಸ್‌ಪ್ಲಾಯಿಟ್, ಎಕ್ಸ್‌ಟರ್ಮಿನೇಟ್. ಕನ್ನಡದಲ್ಲಿ ಇದನ್ನು ಹಕಾರ ಚತುಷ್ಟಯವೆಂದು ಕರೆಯಬಹುದು: ಹುಡುಕು, ಹಬ್ಬು, ಹಿಂಡು, ಹೊಸಕು. ಆಟ ಹಳಗನ್ನಡದ ಕಾಲದಲ್ಲೇ ಬಂದಿದ್ದರೆ ಇವು ಪಕಾರಗಳಾಗಿರುತ್ತಿದ್ದವಲ್ಲವೇ ಎಂಬ ಚರ್ಚೆಯನ್ನು ಸ್ಥಳಾಭಾವದಿಂದ ಕೈಬಿಟ್ಟಿದ್ದೇವೆ.

ನಾಲ್ಕನೆಯ ಹಕಾರಕ್ಕೂ ಗೆಲುವಿಗೂ ನಡುವೆ ಯಾರೂ ಹೆಸರಿಸದ ಐದನೆಯದೊಂದಿದೆ, ಅದು 'ಹೂಂಗುಟ್ಟು' ಎಂಬುದು ಪ್ರಸ್ತುತ ಲೇಖಕನ ಶೋಧ.

ಹುಡುಕುವ ಘಟ್ಟದಿಂದ ಆರಂಭಿಸೋಣ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2016ರಲ್ಲಿ ತಂದ 'ಸ್ಟೆಲ್ಲಾರಿಸ್' ಆಟ ಶುರುವಾಗುವುದು 2200ನೇ ಇಸವಿಯ ಜನವರಿ 1ರಂದು. ಕೈಯಲ್ಲಿರುವುದು ಒಂದು ಗ್ರಹ, ಒಂದು ಶೋಧನೌಕೆ, ಮತ್ತೊಂದು ಕಟ್ಟಡ ಕಟ್ಟುವ ನೌಕೆ, ಗದರಿದರೆ ಓಡಿಹೋಗುವಂಥ ಪುಟ್ಟ ಯುದ್ಧಪಡೆ. ಸುತ್ತ ಕತ್ತಲು. ಶೋಧನೌಕೆ ಪಕ್ಕದ ನಕ್ಷತ್ರಕ್ಕೆ ಹೋಗಿ ಅಲ್ಲಿಂದೊಂದು ವಿಚಿತ್ರ ಸುದ್ದಿ ಕಳಿಸುತ್ತದೆ. ಆಟಗಾರ ಅದನ್ನು ಎರಡು ಸಲ ಓದುತ್ತಾನೆ. ಈ ಹಂತದಲ್ಲಿ ದಾಖಲಾದ ಆಕಳಿಕೆ ಸೊನ್ನೆ. ಕಾಫಿ ಆರಿಹೋಗಿದ್ದು ಗೊತ್ತಾಗಿಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕಿದ್ದೂ ಈ ಘಟ್ಟದಲ್ಲೇ.

ಇಲ್ಲಿ ಒಂದೊಂದು ನಿರ್ಧಾರವೂ ಭಾರವಾದದ್ದು. ಇರುವ ಒಂದೇ ನೌಕೆಯನ್ನು ಎಡಕ್ಕೆ ಕಳಿಸಿದರೆ ಬಲಗಡೆಯದು ಪಕ್ಕದವರ ಪಾಲು. 'ಓರಿಯನ್'ನಲ್ಲಂತೂ ತಂತ್ರಜ್ಞಾನಗಳ ಪಟ್ಟಿಯೂ ಆಟದಿಂದಾಟಕ್ಕೆ ಬದಲಾಗುತ್ತದೆ. ಹೋದ ಸಲ ಕೈಹಿಡಿದ ಅಸ್ತ್ರ ಈ ಸಲ ನಿಮಗೆ ಸಿಗದೆಯೂ ಹೋಗಬಹುದು. ಆ ಆಟದ ಅತಿ ದೊಡ್ಡ ಗ್ಯಾಲಕ್ಸಿಯಲ್ಲಿ ಸರಿಯಾಗಿ 108 ನಕ್ಷತ್ರಗಳಿವೆ. ಅಮೆರಿಕದ ವಿನ್ಯಾಸಕರಿಗೆ ಅಷ್ಟೋತ್ತರದ ಸಂಖ್ಯೆ ಹೊಳೆದದ್ದು ಹೇಗೆಂದು ಕೆಲವರು ಹೆಮ್ಮೆಪಡಬಹುದು. ಲೇಖಕ ಅದನ್ನು ಪ್ರೋತ್ಸಾಹಿಸುವುದಿಲ್ಲ.

ಹಬ್ಬುವ ಘಟ್ಟದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಬದುವಿನ ಜಗಳ ಕಂಡವರಿಗೆಲ್ಲ ಅದು ಗೊತ್ತು.

ಹಿಂಡುವ ಘಟ್ಟಕ್ಕೆ ಬಂದಾಗ ಯಂತ್ರದೊಳಗೆ ಒಂದು ಚಕ್ರ ತಿರುಗತೊಡಗುತ್ತದೆ. ಹೆಚ್ಚು ಗ್ರಹವಿದ್ದವನಿಗೆ ಹೆಚ್ಚು ಸಂಶೋಧನೆ, ಹೆಚ್ಚು ಸಂಶೋಧನೆಯಿಂದ ಒಳ್ಳೆಯ ನೌಕೆ, ಒಳ್ಳೆಯ ನೌಕೆಯಿಂದ ಇನ್ನಷ್ಟು ಗ್ರಹ. ಪಾಶ್ಚಾತ್ಯರು ಇದಕ್ಕೆ ಉರುಳುವ ಹಿಮದುಂಡೆಯ ಹೋಲಿಕೆ ಕೊಡುತ್ತಾರೆ. ನಮ್ಮಲ್ಲಿ ಹಿಮ ಬೀಳದ ಕಾರಣ ಚಕ್ರಬಡ್ಡಿ ಎಂದರೆ ಸಾಕು. ಸಾಲ ಮಾಡಿದವರಿಗೆ ಬೇಗ ಅರ್ಥವಾಗುತ್ತದೆ. ಈ ಬಡ್ಡಿ ಒಮ್ಮೆ ಬೆಳೆಯತೊಡಗಿತೆಂದರೆ ಗೆಲ್ಲುವವರು ಯಾರೆಂದು ಆಟಗಾರನಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾಗದೆ ಉಳಿಯುವುದು ಆಟಕ್ಕೆ ಮಾತ್ರ.

ಆ ಕ್ಷಣಕ್ಕೆ ಪ್ರಸ್ತುತ ಲೇಖಕ 'ಶಾನುಭೋಗ ಬಿಂದು' ಎಂದು ಹೆಸರಿಟ್ಟಿದ್ದಾನೆ. ಲಕ್ಷಣ ಹೀಗೆ: ಯಾವ ಬಿಂದುವಿನಲ್ಲಿ ನಿರ್ಧಾರಗಳ ಸಂಖ್ಯೆ ಏರುತ್ತಲೇ ಹೋಗಿ ಒಂದೊಂದು ನಿರ್ಧಾರದ ತೂಕ ಇಳಿಯುತ್ತಲೇ ಬರುತ್ತದೋ, ಅಲ್ಲಿ ಚಕ್ರವರ್ತಿಯು ಕಿರೀಟ ಕೆಳಗಿಟ್ಟು ಖಾತೆ ಪುಸ್ತಕ ಎತ್ತಿಕೊಳ್ಳುತ್ತಾನೆ. ಮೊದಲ ವಸಾಹತಿನಲ್ಲಿ ಏನು ಕಟ್ಟಬೇಕೆಂದು ಹದಿನೈದು ನಿಮಿಷ ಯೋಚಿಸಿದವನು, ನಲವತ್ತನೆಯ ವಸಾಹತು "ಇಲ್ಲಿ ಏನು ಕಟ್ಟಲಿ?" ಎಂದು ಕೇಳಿದಾಗ "ಹೂಂ" ಎನ್ನುತ್ತಾನೆ. ಐದನೆಯ ಹಕಾರ ಹುಟ್ಟುವುದು ಹೀಗೆ.

ಪೂರ್ವಪಕ್ಷಿಗಳ ಆಕ್ಷೇಪ: ಆಟ ಬಲು ಉದ್ದ, ಬೇಸರ ಬರುವುದು ಅದಕ್ಕೇ. ಇದು ನಿಲ್ಲುವ ವಾದವಲ್ಲ. ಯಕ್ಷಗಾನ ಬೆಳಗಿನ ತನಕ ನಡೆಯುತ್ತದೆ. ನಡುರಾತ್ರಿ ತೂಕಡಿಸಿದವನೂ ಪರದೆಯ ಹಿಂದೆ ಬಣ್ಣದ ವೇಷ ಅಬ್ಬರಿಸಿದ ಕೂಡಲೇ ಎದ್ದು ಕೂರುತ್ತಾನೆ. ಕಥೆ ಗೊತ್ತಿದ್ದೂ ಕೂರುತ್ತಾನೆ. ಏಕೆಂದರೆ ಈ ರಾತ್ರಿಯ ಅರ್ಥಧಾರಿ ಏನು ಹೇಳುತ್ತಾನೆಂಬುದು ಯಾರಿಗೂ ಗೊತ್ತಿಲ್ಲ. ಬೇಸರ ಹುಟ್ಟುವುದು ಗೊತ್ತಿಲ್ಲದ್ದು ಖಾಲಿಯಾದಾಗ. ಗಡಿಯಾರವನ್ನು ದೂರಿ ಫಲವಿಲ್ಲ.

ಸ್ಟೆಲ್ಲಾರಿಸ್ ವಿನ್ಯಾಸಕರಿಗೂ ಇದು ತಿಳಿದಿತ್ತು. ಹಾಗಾಗಿ ಅವರು ಬಣ್ಣದ ವೇಷಗಳನ್ನೇ ಇಟ್ಟಿದ್ದಾರೆ. 2400ರ ಸುಮಾರಿಗೆ, ಪೂರ್ವನಿಗದಿತ ಘಟ್ಟದಂತೆ, ಗ್ಯಾಲಕ್ಸಿಯ ಹೊರಗಿಂದ ಹಸಿದ ಜೀವಿಗಳ ಹಿಂಡೋ, ಬೇರೆ ಆಯಾಮದಿಂದ ನುಸುಳಿದವರೋ, ನಿದ್ದೆಯಿಂದೆದ್ದ ಯಂತ್ರಗಳೋ ಬಂದು ಎಲ್ಲರ ಮೇಲೂ ಬೀಳುತ್ತವೆ. ಉಪಾಯ ಒಳ್ಳೆಯದೇ. ತೊಡಕೆಂದರೆ ಶಾನುಭೋಗ ಬಿಂದು ಎದುರಾಗುವ 2300ಕ್ಕೂ ವೇಷ ಬರುವ 2400ಕ್ಕೂ ನಡುವೆ ನೂರು ವರ್ಷವಿದೆ. ಆಟದ ತಿಂಗಳಿಗೆ 30 ದಿನದ ಲೆಕ್ಕದಲ್ಲಿ 36,000 ದಿನ. ಆ ಹೊತ್ತಿಗೆ ಜನಸಂಖ್ಯೆ ಬೆಳೆದು, ಒಬ್ಬೊಬ್ಬರ ಉದ್ಯೋಗವನ್ನೂ ಲೆಕ್ಕಹಾಕುವ ಕಂಪ್ಯೂಟರು ಕುಂಟತೊಡಗಿರುತ್ತದೆ. ರಾಕ್ಷಸ ರಂಗಕ್ಕೆ ಬರುವಷ್ಟರಲ್ಲಿ ಭಾಗವತರೇ ತೂಕಡಿಸಿದಂತೆ. 2021ರ 'ನೆಮೆಸಿಸ್' ವಿಸ್ತರಣೆಯಲ್ಲಿ ಆಟಗಾರ ತಾನೇ ಆ ವಿಪತ್ತಾಗಿ ಇಡೀ ಗ್ಯಾಲಕ್ಸಿಯನ್ನು ಸುಟ್ಟುಹಾಕುವ ಅವಕಾಶ ಕೊಟ್ಟರು. ಬೇಸತ್ತ ಶಾನುಭೋಗನ ಅಂತರಂಗವನ್ನು ಇಷ್ಟು ಚೆನ್ನಾಗಿ ಅರಿತ ಇನ್ನೊಂದು ಕೃತಿ ಲೇಖಕನ ಗಮನಕ್ಕೆ ಬಂದಿಲ್ಲ.

ಇತರ ಚಿಕಿತ್ಸೆಗಳೂ ಇವೆ. 2003ರ ಮೂರನೆಯ 'ಓರಿಯನ್' ಗ್ರಹಗಳಿಗೆ ವೈಸ್‌ರಾಯ್‌ಗಳನ್ನು ನೇಮಿಸಿತು. ದೊರೆಯ ಹೊರೆ ಇಳಿಯಲೆಂದು ಬಂದ ಅವರು ದೊರೆ ಇಟ್ಟದ್ದನ್ನೇ ಬದಲಿಸತೊಡಗಿದರು. ಆಟಗಾರನಿಗೆ ಅವರ ಹಿಂದೆ ಓಡಾಡುವ ಕೆಲಸ ಹೊಸದಾಗಿ ಗಂಟುಬಿತ್ತು. 2010ರ 'ಡಿಸ್ಟಂಟ್ ವರ್ಲ್ಡ್ಸ್' ಇನ್ನೂ ಮುಂದೆ ಹೋಗಿ, ಬೇಕೆಂದರೆ ಎಲ್ಲವನ್ನೂ ಕಂಪ್ಯೂಟರಿಗೇ ಒಪ್ಪಿಸಿ ನೀವು ನೋಡುತ್ತ ಕೂರಬಹುದೆಂದಿತು. ಇದು ವಾನಪ್ರಸ್ಥ. ಇದರಿಂದ ಆಕಳಿಕೆ ಕಡಿಮೆಯಾಗಿಲ್ಲ, ಆದರೆ ತಪ್ಪಿತಸ್ಥ ಭಾವ ಹೋಗಿದೆ.

2008ರಲ್ಲಿ ವಿಲ್ ರೈಟ್ ಅವರ 'ಸ್ಪೋರ್' ರೋಗವನ್ನು ತಲೆಕೆಳಗು ಮಾಡಿತು. ಜೀವಕೋಶ, ಪ್ರಾಣಿ, ಬುಡಕಟ್ಟು, ನಾಗರಿಕತೆ ಎಂಬ ನಾಲ್ಕು ಹಂತಗಳು ಎಲೆಯ ತುದಿಗೆ ಬಡಿಸಿದ ಕೋಸಂಬರಿಯಂತೆ ಕೆಲವೇ ಗಂಟೆಗಳಲ್ಲಿ ಮುಗಿದು, ಐದನೆಯ ಬಾಹ್ಯಾಕಾಶದ ಹಂತ ಅನ್ನದ ರಾಶಿಯಾಗಿ ಬೀಳುತ್ತದೆ. ಅದರೊಂದಿಗೆ ವಸಾಹತುಗಳಿಂದ ಕರೆಗಳು: ಇಲ್ಲಿ ಕಡಲ್ಗಳ್ಳರಂಥವರು ಬಂದರು, ಅಲ್ಲಿ ಪರಿಸರ ಕೆಟ್ಟಿತು, ಬೇಗ ಬನ್ನಿ. ಗ್ಯಾಲಕ್ಸಿಯ ನಡುವಿಗೆ ಹೊರಟ ಮಹಾಯಾತ್ರಿಕ ಊರಿನ ವಾಟರ್‌ಮ್ಯಾನ್ ಆಗಿಬಿಡುತ್ತಾನೆ. ಇದು ಶಾನುಭೋಗ ಬಿಂದುವಿನ ಉಪಪ್ರಭೇದ.

ಎಲ್ಲಕ್ಕಿಂತ ಜಾಣ ಪರಿಹಾರ ಮೊದಲನೆಯದೇ. 1993ರ 'ಓರಿಯನ್'ನಲ್ಲಿ ಗ್ಯಾಲಕ್ಸಿ ಸಾಕಷ್ಟು ತುಂಬಿದ ಮೇಲೆ ಮಹಾಸಭೆ ಸೇರಿ ಮತ ಹಾಕುತ್ತದೆ. ಮೂರನೇ ಎರಡು ಭಾಗ ಮತ ಬಂದವನು ಚಕ್ರವರ್ತಿ, ಆಟ ಮುಗಿಯಿತು. ಬೇರೊಬ್ಬ ಗೆದ್ದರೆ ತೀರ್ಪನ್ನು ತಿರಸ್ಕರಿಸಿ ಎಲ್ಲರ ಮೇಲೂ ಯುದ್ಧಕ್ಕಿಳಿಯಬಹುದು. ಅಂದರೆ ಗೆಲುವು ಖಚಿತವಾದವನಿಗೆ ಮೂಲೆಮೂಲೆಯ ಕೊನೆಯ ಗ್ರಹ ಗುಡಿಸುವ ಶಿಕ್ಷೆಯಿಲ್ಲ. ಇಷ್ಟು ಸರಳವಾದದ್ದನ್ನು ನಂತರದವರು ಸಾಕಷ್ಟು ಅನುಸರಿಸದಿದ್ದುದು ಲೇಖಕನಿಗೆ ಇವತ್ತಿಗೂ ಸಿಟ್ಟಿನ ವಿಷಯ. ಹೊಸಕುವುದರಲ್ಲೇ ರಸವಿದೆಯೆಂದು ನಂಬಿದವರು ಮೂವತ್ತು ಗ್ರಹಗಳಿಗೆ ಮುತ್ತಿಗೆ ಹಾಕಿ ನೋಡಲಿ.

ಕ್ಷೇತ್ರಕಾರ್ಯದಿಂದ ಒಂದು ಸಾಕ್ಷ್ಯ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದು ಬಂದ ಲೇಖಕನ ಪತ್ನಿ "ಗೆದ್ರಾ?" ಎಂದು ಕೇಳಿದರು. "ಗೆದ್ದು ಎರಡು ತಾಸಾಯ್ತು." "ಮತ್ತೆ ಇನ್ನೂ ಏನ್ಮಾಡ್ತಿದ್ದೀರಿ?" ಈ ಪ್ರಶ್ನೆಗೆ ವಿನ್ಯಾಸಶಾಸ್ತ್ರದಲ್ಲಿ ಉತ್ತರವಿಲ್ಲ.

ಪ್ರಬಂಧದ ಪ್ರಾಮಾಣಿಕತೆಯ ದೃಷ್ಟಿಯಿಂದ ಒಂದು ಮಾತು. ಸ್ಟೆಲ್ಲಾರಿಸ್‌ನಲ್ಲಿ ಅಂಕ ಎಣಿಸಿ ವಿಜಯಿಯನ್ನು ಘೋಷಿಸುವ ಪೂರ್ವನಿಗದಿತ ವರ್ಷ 2500. ಅದನ್ನು ಲೇಖಕ ಕಣ್ಣಾರೆ ಕಂಡಿಲ್ಲ. ಅವನ ಸಾಮ್ರಾಜ್ಯಗಳೆಲ್ಲ ಇಪ್ಪತ್ನಾಲ್ಕನೆಯ ಶತಮಾನದಲ್ಲಿ, ಶತ್ರುಗಳಿಲ್ಲದೆ, ಉಳಿಸಿಟ್ಟ ಕಡತಗಳಾಗಿ ನಿಂತಿವೆ.

ಪ್ರಬಂಧಕ್ಕೆ ಒಟ್ಟು ಒಂಬತ್ತು ಅಧ್ಯಾಯಗಳ ಯೋಜನೆಯಿತ್ತು. ಈಗ ಪೂರ್ವಪಕ್ಷಿಗಳು ಸೋತಿದ್ದಾರೆ, ಸಿದ್ಧಾಂತ ನಿಂತಿದೆ, ವಾದದ ಅಷ್ಟೂ ಪ್ರದೇಶ ಲೇಖಕನ ವಶದಲ್ಲಿದೆ. ಉಳಿದದ್ದು ಅನುಬಂಧ, ಪದಸೂಚಿ, ಕಾಗುಣಿತ ತಿದ್ದುವುದು. ಈ ಪ್ಯಾರಾದಲ್ಲಿ ಮೂರು ಆಕಳಿಕೆ ದಾಖಲಾಗಿವೆ. ಪಕ್ಕದಲ್ಲಿ ಇನ್ನೊಂದು ಪ್ರಬಂಧದ ಮೊದಲ ಪುಟ ತೆರೆದಿದೆ. ವಿಷಯ ಸಂಪೂರ್ಣ ಹೊಸದು, ಲೇಖಕನಿಗೆ ಅದರ ಬಗ್ಗೆ ಏನೇನೂ ಗೊತ್ತಿಲ್ಲ, ಕಾಫಿ ಆಗಲೇ ಆರಿಹೋಗಿದೆ.