ಅಟ್ಟದ ಕೆಳಗಿನ ಸಮುದ್ರ

ಕೆ.ಬಿ. ಕ್ರಾಸಿನಲ್ಲಿ, ಅಂದರೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ, ನಿಂತು ಸಮುದ್ರ ಯಾವ ಕಡೆ ಎಂದು ಕೇಳಿದರೆ ತಿಪಟೂರಿನ ಕಡೆಗೇ ಕೈ ತೋರಿಸಬೇಕು. ಹಳೆಯ 206ನೇ ನಂಬರಿನ ಹೆದ್ದಾರಿ ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರಕ್ಕೆ ಹೋಗಿ ಮುಟ್ಟುತ್ತಿತ್ತು. ಕಿಬ್ಬನಹಳ್ಳಿಯ ತೋಟದ ಮನೆಯ ನಮ್ಮ ಹುಡುಗನಿಗೆ ಅಷ್ಟು ದೂರ ಹೋಗುವ ಪುರುಸೊತ್ತಿಲ್ಲ. ಸಮುದ್ರವೇ ಮನೆಗೆ ಬರಬೇಕು.

ಇಂಥವರು ಈಗ ತೆಂಗಿನ ಸೀಮೆಯಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಕೆಲಸ ಬೆಂಗಳೂರಿನ ಕಂಪನಿಯದು, ಊಟ ಅವ್ವನ ಕೈಯದು. ವರ್ಕ್ ಫ್ರಂ ಹೋಮ್ ಎಂದು ಬಂದವರು ಮೊದಲು ಡ್ರ್ಯಾಗನ್ ಫ್ರೂಟ್ ನೆಡುತ್ತಾರೆ, ಆಮೇಲೆ ಡ್ರೋನ್ ಹಾರಿಸಿ ಪಕ್ಕದ ತೋಟದವರ ಕೈಲಿ ಬೈಸಿಕೊಳ್ಳುತ್ತಾರೆ. ಎರಡೂ ಮುಗಿದ ಮೇಲೆ ಇವನು ಕೈ ಹಾಕಿದ್ದು ರೀಫ್ ಟ್ಯಾಂಕಿಗೆ: ಉಪ್ಪುನೀರು, ಬಂಡೆ, ಹವಳ, ಕಿತ್ತಳೆ ಬಣ್ಣದ 'ನೀಮೊ' ಮೀನು.

ಬೋರ್‌ವೆಲ್ ನೀರು ಗಡಸು, ಅದು ಹವಳಕ್ಕಾಗದು. ಹಾಗಾಗಿ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುತ್ತಾನೆ. ಸುಮ್ಮನೆ ನಿಲ್ಲುವ ಜಾತಿಯಲ್ಲ. ಜೇಬಿನಿಂದ ನೀರಿನ ಲವಣ ಅಳೆಯುವ ಪೆನ್ನಿನಂಥ ಮೀಟರ್ ತೆಗೆದು, ಕೇಳಲಿ ಬಿಡಲಿ, ಎಲ್ಲರ ಕ್ಯಾನಿಗೂ ಅದ್ದಿ, "ಅಕ್ಕ, ನಿಮ್ದು ಅರವತ್ತು ಐತೆ" ಎಂದು ಜಾತಕ ಹೇಳುತ್ತಾನೆ. ಅಕ್ಕ ಗಾಬರಿಯಿಂದ ಸೆರಗು ಸರಿಮಾಡಿಕೊಳ್ಳುತ್ತಾಳೆ. ಆ ನೀರನ್ನು ಮನೆಗೆ ತಂದು ಮತ್ತೆ ಸೋಸಿ, ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ವಿದೇಶಿ ಉಪ್ಪು ಬೆರೆಸುತ್ತಾನೆ.

"ದುಡ್ಡು ಕೊಟ್ಟು ಉಪ್ಪು ತೆಗೆಸಿದ ನೀರು ತಂದು, ದುಡ್ಡು ಕೊಟ್ಟು ತಂದ ಉಪ್ಪನ್ನೇ ಹಾಕ್ತೀಯಲ್ಲೋ!" ಎಂದರು ಅವ್ವ.

"ಅಡಿಗೆ ಉಪ್ಪಲ್ಲ ಅವ್ವ, ಇದ್ರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲಾ ಐತೆ."

"ಹಂಗಾದ್ರೆ ನನ್ನ ಮಂಡಿಗೆ ಕೊಡು."

ಮೀನು ಬಿಡುವ ಮುಂಚೆ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಬೇಕು. ಅವು ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾಡಲು ಪಳಗುವುದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅವುಗಳಿಗೆ ಮೊದಲ ಊಟವಾಗಿ ಒಂದು ಹಸಿ ಸೀಗಡಿ ಹಾಕಿ ಕೊಳೆಸುವುದು ಹಳೆಯ ಪದ್ಧತಿ. ಮೊಟ್ಟೆಯೂ ಹೊಸ್ತಿಲು ದಾಟದ ಮನೆ ಅದು. ಹುಡುಗ ಹೆಲ್ಮೆಟ್ ತೆಗೆಯದೆ ತಿಪಟೂರಿನ ಮೀನಂಗಡಿಗೆ ಹೋದ.

"ಎಷ್ಟು?"

"ಒಂದು."

"ಒಂದು ಕೇಜಿನಾ?"

"ಒಂದು ಸೀಗಡಿ ಅಣ್ಣ. ಸಾರಿಗಲ್ಲ, ಕೊಳೆಸಕ್ಕೆ."

ಅಂಗಡಿಯವನು ದುಡ್ಡು ತಗೊಳ್ಳಲಿಲ್ಲ. ಹುಷಾರಾಗಿ ಹೋಗಪ್ಪ ಎಂದಷ್ಟೇ ಹೇಳಿದ.

ಮೂರನೆಯ ದಿನ ಅವ್ವನಿಗೆ ವಾಸನೆ ಬಡಿಯಿತು. ಇಲಿ ಸತ್ತಿದೆ ಎಂದು ಆಳನ್ನು ಅಟ್ಟಕ್ಕೆ ಹತ್ತಿಸಿದರು. ಅವನು ಕಾಯಿ ರಾಶಿಯನ್ನೆಲ್ಲ ಜರುಗಿಸಿ ಹುಡುಕಿದ. ಹುಡುಗ ಕೆಳಗೆ ನಿಂತು, "ಆ ಮೂಲೇಲಿ ನೋಡು" ಎಂದು ಗಂಭೀರವಾಗಿ ಟಾರ್ಚ್ ಹಿಡಿದಿದ್ದ.

ಅಪ್ಪನಿಗೆ ಗೊತ್ತಾಗಿತ್ತೋ ಏನೋ. ಅವರು ನೋಡುತ್ತಿದ್ದದ್ದು ಮಗ ಗಂಟೆಗೊಮ್ಮೆ ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಬಣ್ಣದ ಹನಿ ಬಿಟ್ಟು, ಅಲ್ಲಾಡಿಸಿ ಬೆಳಕಿಗೆ ಹಿಡಿಯುವುದನ್ನು. "ಮ್ಯಾಲಿರೋ ಕಾಯಿ ಕೊಬ್ಬರಿಯಾಗಕ್ಕೆ ಹನ್ನೊಂದು ತಿಂಗಳು ತಗಂತದೆ ಕಣಪ್ಪ. ನಾನೇನು ದಿನಾ ಹತ್ತಿ ಅಲ್ಲಾಡಿಸ್ತೀನಾ?" ಎಂದು ಟವೆಲ್ ಕೊಡವಿ ತೋಟಕ್ಕೆ ನಡೆದರು.

ಹವಳದ ವಿಷಯದಲ್ಲಿ ಮಾತ್ರ ಹುಡುಗನಿಗೆ ಪೂರ್ತಿ ಅಂಕ ಕೊಡುತ್ತೇನೆ. ನಮ್ಮ ಸಮುದ್ರದ ಗಟ್ಟಿ ಹವಳಗಳು 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಹುಲಿಯ ಜೊತೆಯಲ್ಲೇ ಇವೆ. ಕಿತ್ತು ತಂದು ಮಾರುವ ಹಾಗಿಲ್ಲ. ಅಂಗಡಿಯವನೊಬ್ಬ ಕವರಿನಲ್ಲಿ ತುಂಡು ತೋರಿಸಿದಾಗ ಇವನು ಬಿಲ್ ಕೇಳಿದ. ಕವರ್ ಮೇಜಿನ ಕೆಳಗೆ ಹೋಯಿತು. ಹವಳವಿಲ್ಲದೆ, ಹ್ಯಾಚರಿಯಲ್ಲೇ ಹುಟ್ಟಿದ ಎರಡು ನೀಮೊ ಮಾತ್ರ ತಂದ. ಇವು ಹುಟ್ಟುವಾಗ ಎಲ್ಲವೂ ಗಂಡು, ಗುಂಪಿನಲ್ಲಿ ದೊಡ್ಡದಾದದ್ದು ಹೆಣ್ಣಾಗಿ ಯಜಮಾನಿಕೆ ನಡೆಸುತ್ತದೆ ಎಂದು ವಿವರಿಸಿದ ದಿನದಿಂದ ಅವ್ವನಿಗೆ ಮೀನಿನ ಮೇಲೆ ಗೌರವ ಬಂದಿದೆ. ಫ್ರೀಜರಿನಲ್ಲಿರುವ ಮೀನಿನ ಊಟದ ಪೊಟ್ಟಣ ಏನೆಂದು ಇನ್ನೂ ಕೇಳಿಲ್ಲ.

ಏಪ್ರಿಲ್ ಬಂತು. ಟ್ಯಾಂಕ್ 26 ಡಿಗ್ರಿ ದಾಟಬಾರದೆಂದು ಮನೆಯ ಒಂದೇ ಟೇಬಲ್ ಫ್ಯಾನ್ ನೀರಿನ ಮೇಲೆ ತಿರುಗಿತು, ಅವ್ವ ಅಡಿಕೆ ಹಾಳೆಯ ಬೀಸಣಿಗೆ ಹಿಡಿದರು. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದಲ್ಲ, ಲೈನ್‌ಮನ್ ಈಗ ಮನೆಯ ಆಪ್ತ. ಹಬ್ಬಕ್ಕೆ ಒಬ್ಬಟ್ಟು ಮೊದಲು ಅವನಿಗೇ.

ವಾರಕ್ಕೊಮ್ಮೆ ಬದಲಿಸಿ ತೆಗೆದ ಉಪ್ಪುನೀರು ಎಲ್ಲಿ ಚೆಲ್ಲುವುದೆಂದು ಮಗ ಬಕೆಟ್ ಹಿಡಿದು ನಿಂತಾಗ ಅಪ್ಪ ತಲೆಯೆತ್ತಲಿಲ್ಲ. "ತೆಂಗಿನ ಬುಡಕ್ಕೆ ಹುಯ್ಯಿ. ಗುಂಡಿಗೆ ನಾವೇ ಉಪ್ಪು ಹಾಕಿ ಸಸಿ ಇಡ್ತೀವಿ. ಇಷ್ಟು ದಿನದ್ದೆಲ್ಲ ಎಲ್ಲಿ ಚೆಲ್ಲಿದ್ದೆ?"

"ಬಚ್ಚಲಿಗೆ."

ಚಿಕ್ಕ ಟ್ಯಾಂಕ್ ಸಾಕುವುದೇ ಕಷ್ಟ, ನೀರು ಹೆಚ್ಚಿದ್ದಷ್ಟೂ ಏರುಪೇರು ಕಮ್ಮಿ ಎಂದು ಅವನಿಗೆ ಈಗ ಗೊತ್ತಾಗಿದೆ. ಮೊನ್ನೆ ರಾತ್ರಿ ಟೇಪ್ ಹಿಡಿದು ಅಟ್ಟದ ಉದ್ದಗಲ ಅಳೆಯುತ್ತಿದ್ದನಂತೆ. ಅಪ್ಪ ಸದ್ದಿಲ್ಲದೆ ಏಣಿ ತೆಗೆದಿಟ್ಟು ಮಲಗಿದರು.